ಮೊದಲ ಸಾಕುಪ್ರಾಣಿಯ ಹೆಸರು

ಬುಧವಾರ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಠಾಣೆಯ ನೆಲ ಒರೆಸಿ ಇನ್ನೂ ಆರಿರಲಿಲ್ಲ. ಬೆತ್ತದ ಬುಟ್ಟಿ ಹೆಣೆಯುವ ಹೆಂಗಸೊಬ್ಬಳು ಗಂಡನ ಜೊತೆ ಬಂದು, ಒದ್ದೆ ನೆಲ ತುಳಿಯಬಾರದೆಂದು ಮೆಟ್ಟಿಲ ಕೆಳಗೇ ನಿಂತಳು. ಬೆತ್ತ ಸೀಳಿ ಸೀಳಿ ಅವಳ ಬೆರಳ ತುದಿಗಳು ಬಿರುಕು ಬಿಟ್ಟಿದ್ದವು. ಕೈಯಲ್ಲಿದ್ದ ಫೋನು ಗುಂಯ್‌ಗುಡುತ್ತಲೇ ಇತ್ತು. ಒಂದು ಕರೆ ನಿಂತರೆ ಮತ್ತೊಂದು.

"ಎತ್ತಿ ಮಾತಾಡಮ್ಮ, ಕಾಯ್ತೀವಿ" ಎಂದರು ದಫೇದಾರರು.

"ಎತ್ತೋ ಹಾಗಿದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ ಸಾರ್" ಎಂದಳು ಅವಳು.

ದಫೇದಾರರಿಗೆ ಠಾಣೆಯಲ್ಲಿ ಶಾಯಿ ಎಂದೇ ಹೆಸರು. ಅಂಗಿಯ ಜೇಬಿನ ಮೂಲೆಯಲ್ಲಿ ಪೆನ್ನು ಸೋರಿದ ನೀಲಿ ಕಲೆ ಯಾವ ಸಾಬೂನಿಗೂ ಬಗ್ಗಿರಲಿಲ್ಲ. ದೂರು, ಹೇಳಿಕೆ, ಪಂಚನಾಮೆ ಎಲ್ಲವನ್ನೂ ಬರೆಯುವುದು ಅವರೇ. ಜನ ತಪ್ಪು ಕನ್ನಡದಲ್ಲಿ ಹೇಳಿದ್ದನ್ನು ತಿದ್ದಿ ಬರೆಯುವುದು ಅವರ ಅಭ್ಯಾಸ. ಆ ಅಭ್ಯಾಸದ ಬಗ್ಗೆ ಅವರಿಗೆ ಹೆಮ್ಮೆಯೂ ಇತ್ತು.

ಇನ್ಸ್‌ಪೆಕ್ಟರ್ ಇಬ್ಬರನ್ನೂ ಒಳಗೆ ಕೂರಿಸಿದರು. ಬುಟ್ಟಿಯವಳು ಹೇಳಿದ್ದಿಷ್ಟು. ಬುಟ್ಟಿ ಹೆಣೆಯುವುದನ್ನು ಅವಳು ವಿಡಿಯೋ ಮಾಡಿ ತನ್ನ ಅಕೌಂಟಿನಲ್ಲಿ ಹಾಕುತ್ತಾಳೆ. ಸಾವಿರಾರು ಜನ ನೋಡುತ್ತಾರೆ. ಮಂಗಳವಾರ ಬೆಳಿಗ್ಗೆ ಕೆರೆಯಲ್ಲಿ ಬೆತ್ತ ನೆನೆಹಾಕಿ ಬಂದು ನೋಡಿದರೆ ಪಾಸ್‌ವರ್ಡ್ ಹಿಡಿಯಲಿಲ್ಲ. ಸಂಜೆಗೆ ಅದೇ ಅಕೌಂಟಿನಲ್ಲಿ ಅವಳ ಮನೆಯ ಗೇಟಿನ ಫೋಟೋ ಬಂತು. ಕೆಳಗೆ ಬೀದಿಯ ಹೆಸರು, ಮನೆ ನಂಬರು, ಫೋನ್ ನಂಬರು. ಅದರ ಕೆಳಗೆ ಎರಡು ಸಾಲು: ಈ ಬುಟ್ಟಿಯವಳು ಯಾರು ಅಂತ ಇಲ್ಲಿ ಕೇಳಬೇಡಿ. ಮನೆಗೇ ಬಂದು ನೋಡಿ.

"ಬಂದ್ರಾ?" ಇನ್ಸ್‌ಪೆಕ್ಟರ್ ಕೇಳಿದರು.

"ಇವತ್ತು ಬೆಳಿಗ್ಗೆ ಒಬ್ಬ ಬಂದಿದ್ದ. ಮಗಳು ಶಾಲೆಗೆ ಹೊರಟಿದ್ಲು. ಗೇಟಿನ ಹತ್ರ ಬೈಕ್ ನಿಲ್ಲಿಸಿ, ಅಮ್ಮ ಒಬ್ಬಳೇನಾ ಒಳಗೆ ಅಂತ ಅವಳನ್ನ ಕೇಳಿದಾನೆ. ಮಗು ಒಳಗೆ ಓಡಿ ಬಂದಿದ್ದು, ಆಚೆಗೆ ಹೋಗೋದೇ ಇಲ್ಲ ಅಂತ ಕೂತಿದೆ." ಅವಳು ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟಳು. "ಅಕೌಂಟ್ ಹೋದ್ರೆ ಹೋಗ್ಲಿ ಸಾರ್. ನನ್ನ ಮಗಳು ಗೇಟ್ ದಾಟೋ ಹಾಗಾಗ್ಬೇಕು. ಅಷ್ಟೇ ಕೇಳ್ತಿರೋದು."

ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಮಹಿಳಾ ಪೇದೆಯನ್ನು ಕರೆದರು. ಆಕೆ ಇಂಥ ಪ್ರಕರಣಗಳ ತರಬೇತಿ ಮುಗಿಸಿ ಈಚೆಗಷ್ಟೇ ಬಂದಿದ್ದಳು. ಬಂದ ದಿನವೇ ಕಿಟಕಿ ಪಕ್ಕದ ಮೇಜು ಆಕೆಗೆ ಹೋಗಿತ್ತು. ಅದು ಹಿಂದೆ ಶಾಯಿಯವರದು.

"ಕಂಪ್ಯೂಟರಿಗೆ ಗಾಳಿ ಬೇಕಂತೆ" ಎಂದು ಶಾಯಿ ಬುಟ್ಟಿಯವಳ ಗಂಡನಿಗೆ ಹೇಳಿದರು. "ನಮ್ಮಂಥವರು ಬೆವರಿದ್ರೆ ಏನೂ ಕೆಡಲ್ಲ."

ಮಹಿಳಾ ಪೇದೆ ಕುರ್ಚಿ ಎಳೆದುಕೊಂಡು ಕೂತಳು.

"ಪಾಸ್‌ವರ್ಡ್ ಯಾರಿಗಾದ್ರೂ ಗೊತ್ತಾ?"

"ಇಲ್ಲ ಮೇಡಂ."

"ಎರಡನೇ ಬೀಗ ಹಾಕಿದ್ರಾ? ಫೋನಿಗೆ ಸಂಖ್ಯೆ ಬರುತ್ತಲ್ಲ, ಅದು."

"ಮೊದಲು ಇತ್ತು. ಪ್ರತಿ ಸಲ ಕೈ ತೊಳ್ಕೊಂಡು ಬಂದು ಸಂಖ್ಯೆ ಒತ್ತೋದು ಕಿರಿಕಿರಿ ಅಂತ ತೆಗೆದುಬಿಟ್ಟೆ."

"ಪಾಸ್‌ವರ್ಡ್ ಮರೆತ್ರೆ ಏನು ಕೇಳುತ್ತೆ?"

"ಒಂದು ಗುಟ್ಟಿನ ಪ್ರಶ್ನೆ. ನಿಮ್ಮ ಮೊದಲ ಸಾಕುಪ್ರಾಣಿಯ ಹೆಸರೇನು ಅಂತ."

"ಉತ್ತರ ಯಾರಿಗೆ ಗೊತ್ತು?"

ಬುಟ್ಟಿಯವಳು ತಲೆ ತಗ್ಗಿಸಿದಳು. ಗಂಡ ಮೊದಲ ಸಲ ಬಾಯಿಬಿಟ್ಟ. "ಯಾರಿಗೆ ಗೊತ್ತಿಲ್ಲ ಅಂತ ಕೇಳಿ ಮೇಡಂ. ಎಲ್ಲರೂ ಮೆಚ್ಚಿಕೊಂಡ ವಿಡಿಯೋದಲ್ಲೇ ಹೇಳಿದಾಳೆ. ನನ್ನ ಮೊದಲ ಬುಟ್ಟಿ ನನ್ನ ಮೇಕೆ ಚುಕ್ಕಿಗೆ ಅಂತ ಹೆಣೆದಿದ್ದು, ಅಂತ."

"ಬಾಗಿಲಿಗೆ ಬೀಗ ಹಾಕಿ, ಕೀಲಿ ಎಲ್ಲಿಟ್ಟೆ ಅಂತ ಬಸ್ ಸ್ಟ್ಯಾಂಡಲ್ಲಿ ನಿಂತು ಕೂಗಿದ ಹಾಗಾಯ್ತು" ಎಂದಳು ಮಹಿಳಾ ಪೇದೆ. ಬೈದಂತಿರಲಿಲ್ಲ. ಆದರೂ ಬುಟ್ಟಿಯವಳ ಕಣ್ಣು ತುಂಬಿತು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನನ್ನು ಇನ್ಸ್‌ಪೆಕ್ಟರ್ ಬೇರೆಯಾಗಿ ವಿಚಾರಿಸಿದರು.

"ಹೆಂಡತಿ ವಿಡಿಯೋ ಮಾಡೋದು ನಿಮಗೆ ಇಷ್ಟವಾ?"

"ಇಷ್ಟ ಅಂದ್ರೆ..." ಅವನು ಉಗುರ ಸಂದಿಯ ಗ್ರೀಸ್ ಕೆರೆಯುತ್ತ ಕೂತ. "ದಿನಾ ಬೆಳಿಗ್ಗೆ ನೂರಾರು ಜನ ಅವಳಿಗೆ ಶುಭೋದಯ ಅಂತ ಕಳಿಸ್ತಾರೆ. ಎಲ್ಲರಿಗೂ ಹೂವು ಕಳಿಸ್ತಾಳೆ. ನಾನು ಏನಾದ್ರೂ ಕೇಳಿದ್ರೆ, ಹೂಂ, ಅಂತಾಳೆ."

"ಹೊಟ್ಟೆ ಉರೀತಾ?"

"ಉರೀತು ಸಾರ್. ಸುಳ್ಳು ಯಾಕೆ ಹೇಳ್ಲಿ. ಆದ್ರೆ ನನ್ನ ಮಗಳಿರೋ ಮನೆಗೆ ನಾನೇ ಊರೋರನ್ನ ಕರೀತೀನಾ?"

ಮಂಗಳವಾರ ಬೆಳಿಗ್ಗೆ ಏಳರಿಂದ ಅವನು ಡಿಪೋದಲ್ಲಿ ಬಸ್ಸಿನ ಕೆಳಗೆ ಮಲಗಿದ್ದನೆಂದು ಮೇಲ್ವಿಚಾರಕ ಫೋನಿನಲ್ಲಿ ಖಚಿತಪಡಿಸಿದ.

ಅಕೌಂಟ್ ನಡೆಸುವ ಕಂಪನಿಗೆ ಠಾಣೆಯಿಂದ ಪತ್ರ ಹೋಯಿತು. ಆ ಪೋಸ್ಟನ್ನು ಅವರು ಸಂಜೆಯೊಳಗೆ ತೆಗೆದರು. ಆದರೆ ಅಷ್ಟರಲ್ಲಿ ನೋಡಿದವರು ಅದರ ಚಿತ್ರ ಹಿಡಿದು ಇಟ್ಟುಕೊಂಡಿದ್ದರು. ಕೈಯಿಂದ ಕೈಗೆ ಅದು ತಿರುಗುತ್ತಲೇ ಇತ್ತು. ಕರೆಗಳು ನಿಲ್ಲಲಿಲ್ಲ.

ಗುರುವಾರ ಮಧ್ಯಾಹ್ನ ಒಬ್ಬ ಗೇಟು ಹಾರಿದ.

ಬುಟ್ಟಿಯವಳು ಹೊಸ ಸಿಮ್ ತರಲು ಹೋಗಿದ್ದಳು. ಅಕ್ಕ ನೋಡಿಕೊಳ್ಳುತ್ತಾಳೆಂಬ ಧೈರ್ಯದಲ್ಲಿ ಮಗಳನ್ನು ಮನೆಯಲ್ಲೇ ಬಿಟ್ಟಿದ್ದಳು. ಅಕ್ಕನ ಮನೆ ಹಿತ್ತಿಲ ಗೋಡೆಯ ಆಚೆಗೇ ಇತ್ತು. ಗೇಟಿನ ಸದ್ದಿಗೆ ಹುಡುಗಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ದೊಡ್ಡಮ್ಮಾ ಎಂದು ಕೂಗಿದಳು. ದೊಡ್ಡಮ್ಮ ಗೋಡೆ ಹತ್ತಿ ಇಳಿದು ಬಂದಳು. ಪೊಲೀಸರು ತಲುಪಿದಾಗ ಅವಳು ಬೆತ್ತ ಸೀಳುವ ಕತ್ತಿ ಹಿಡಿದು ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಬಂದವನು, ತಾನೇ ತುಳಿದು ಚೆಲ್ಲಾಪಿಲ್ಲಿ ಮಾಡಿದ ಬುಟ್ಟಿಗಳ ನಡುವೆ ಕೈ ಮೇಲೆತ್ತಿಕೊಂಡು ಕೂತಿದ್ದ.

"ಅವರೇ ಬನ್ನಿ ಅಂದಿದ್ರು ಸಾರ್" ಎಂದ ಅವನು. "ಮನೆಗೇ ಬಂದು ನೋಡಿ ಅಂತ ಹಾಕಿದ್ರು. ಬೇಕಾದ್ರೆ ತೋರಿಸ್ತೀನಿ."

ಅವನನ್ನು ಜೀಪು ಹತ್ತಿಸಿದರು. ಅಕ್ಕ ಕತ್ತಿಯನ್ನು ಸೆರಗಿನಲ್ಲಿ ಒರೆಸಿ ಮೂಲೆಗಿಟ್ಟಳು. ಬಚ್ಚಲಿನಿಂದ ಹುಡುಗಿ ಹೊರಬಂದು ಅವಳ ಸೊಂಟ ತಬ್ಬಿದಳು.

"ಅವನಿಗಿಂತ ಆ ಪೋಸ್ಟ್ ಹಾಕಿದವರನ್ನ ಹಿಡೀರಿ ಸಾರ್" ಎಂದ ಗಂಡ, ಡಿಪೋದಿಂದ ಓಡಿ ಬಂದವನು. ಅಕ್ಕ ಹುಡುಗಿಯ ತಲೆ ಸವರುತ್ತ ನಿಂತಿದ್ದಳು.

ಶುಕ್ರವಾರ ಬೆಳಿಗ್ಗೆ ಕಂಪನಿಯ ಉತ್ತರ ಬಂತು. ಮಹಿಳಾ ಪೇದೆ ಅದನ್ನು ಎರಡು ಸಲ ಓದಿ ಇನ್ಸ್‌ಪೆಕ್ಟರ್ ಮುಂದಿಟ್ಟಳು. ಮಂಗಳವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಗುಟ್ಟಿನ ಪ್ರಶ್ನೆಗೆ ಉತ್ತರ ಕೊಟ್ಟು ಪಾಸ್‌ವರ್ಡ್ ಬದಲಾಯಿಸಿದ್ದಾರೆ. ಮೊದಲ ಸಲಕ್ಕೇ ಉತ್ತರ ಸರಿಯಾಗಿದೆ. ಬಳಸಿದ ಇಂಟರ್ನೆಟ್ ದೂರುದಾರಳ ಮನೆಯದೇ.

"ಮನೆಯದೇ ಅಂದ್ರೆ?" ಶಾಯಿ ಕೇಳಿದರು.

"ಅವರ ಮನೆ ವೈಫೈ ಸಿಗೋ ಜಾಗದಲ್ಲಿ ಕೂತು ಮಾಡಿದಾರೆ. ಅದರ ಪಾಸ್‌ವರ್ಡೂ ಗೊತ್ತಿದ್ದೋರು."

ಸ್ಥಳ ಪಂಚನಾಮೆಗೆಂದು ಮೂವರೂ ಹೊರಟರು. ಪಂಚರಲ್ಲಿ ಒಬ್ಬ ಎದುರಿನ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯವನಾಗಲಿ ಎಂದು ಶಾಯಿ ಕರೆದರೆ, ಅವನು ಅಂಗಡಿಯ ಮುಂದೆ ಬಕೆಟ್ ಜೋಡಿಸುತ್ತ ಮುಖ ಗಂಟಿಕ್ಕಿದ.

"ನಾನ್ಯಾಕೆ ಬರ್ಲಿ? ಆಯಮ್ಮ ಪ್ರತಿ ವಿಡಿಯೋದಲ್ಲೂ ಪ್ಲಾಸ್ಟಿಕ್ ಬಿಡಿ ಬುಟ್ಟಿ ಹಿಡೀರಿ ಅಂತಾಳೆ. ಹಿಂದೆ ಕಾಣೋದು ನನ್ನ ಅಂಗಡಿ. ನನ್ನ ಬಕೆಟ್ಟಿನ ಮರ್ಯಾದೆ ಜಗತ್ತಿಗೇ ಹೋಯ್ತು."

"ಅದಕ್ಕೆ ಸೇಡು ತೀರಿಸ್ಕೊಂಡ್ಯಾ?" ಇನ್ಸ್‌ಪೆಕ್ಟರ್ ತಣ್ಣಗೆ ಕೇಳಿದರು.

ಅವನು ಬಕೆಟ್ ಕೆಳಗಿಟ್ಟ. "ಸಾರ್, ನನ್ನದು ಬಟನ್ ಫೋನು."

"ಅವರ ಮೇಕೆ ಹೆಸರು ಗೊತ್ತಾ?"

"ಚುಕ್ಕಿ. ನಮ್ಮ ಮನೆಯವಳು ಆ ವಿಡಿಯೋ ನೋಡಿ ಅತ್ತಿದಾಳೆ. ನನ್ನ ಅಂಗಡಿಯಲ್ಲೇ ಕೂತ್ಕೊಂಡು."

ಮಹಿಳಾ ಪೇದೆ ಮನೆಯ ವೈಫೈಯನ್ನು ತನ್ನ ಫೋನಿಗೆ ಸೇರಿಸಿಕೊಂಡು ನಡೆದು ನೋಡಿದಳು. ಮುಂಬಾಗಿಲಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿ ಇದ್ದವು. ಗೇಟಿನಲ್ಲಿ ಒಂದೇ ಉಳಿಯಿತು. ರಸ್ತೆಯಲ್ಲಿ ಏನೂ ಇಲ್ಲ. ಹಿತ್ತಿಲಿಗೆ ಬಂದಳು. ಅಲ್ಲಿ ಮತ್ತೆ ಪೂರ್ತಿ. ಗೋಡೆಯ ಮೇಲೆ ಕೈ ಚಾಚಿ ಫೋನನ್ನು ಆಚೆಗೆ ಹಿಡಿದಳು. ಆಚೆ, ಬಟ್ಟೆ ಒಗೆಯುವ ಕಲ್ಲಿನ ಮೇಲೂ ಪೂರ್ತಿ ಇತ್ತು. ಒಳಗೆ ಬಂದು ಬುಟ್ಟಿಯವಳನ್ನು ಕರೆದಳು.

"ಕಂಪನಿಯ ದಾಖಲೆ ಬರೋವರೆಗೂ ಅಕೌಂಟ್ ಮುಟ್ಟಬೇಡಿ ಅಂದಿದ್ದೆ. ಈಗ ವಾಪಸ್ ತಗೊಳ್ಳೋಣ. ಅವರು ಬದಲಾಯಿಸಿರೋದು ಪಾಸ್‌ವರ್ಡ್ ಮಾತ್ರ. ಪ್ರಶ್ನೆ ಹಾಗೇ ಇದೆ."

ನಡುಮನೆಯ ಚಾಪೆಯ ಮೇಲೆ, ಅರ್ಧ ಹೆಣೆದ ಬುಟ್ಟಿಗಳ ನಡುವೆ ಎಲ್ಲರೂ ಕೂತರು. ಮಹಿಳಾ ಪೇದೆ ಪ್ರಶ್ನೆಯ ಕೆಳಗೆ ಚುಕ್ಕಿ ಎಂದು ಬರೆದು ಒತ್ತಿದಳು. ಉತ್ತರ ತಪ್ಪು ಎಂದು ಬಂತು.

"ಕ ಒತ್ತು ಸರಿಯಾಗಿ ಬಂದಿಲ್ವೇನೋ" ಎಂದು ಶಾಯಿ ಕನ್ನಡಕ ಏರಿಸಿ ಬಗ್ಗಿದರು. "ಕೆಲವರಿಗೆ ಒತ್ತಕ್ಷರವೇ ಬರಲ್ಲ."

"ಸರಿಯಾಗೇ ಇದೆ ಸಾರ್" ಎಂದಳು ಮಹಿಳಾ ಪೇದೆ.

ಬುಟ್ಟಿಯವಳ ಕಿವಿ ಕೆಂಪಾಯಿತು. "ಅದಲ್ಲ ಮೇಡಂ. ಕೊಡಿ ಇಲ್ಲಿ." ಫೋನು ತೆಗೆದುಕೊಂಡು ಬರೆದಳು: ತುತ್ತಿ. ಬಾಗಿಲು ತೆರೆದಂತೆ ಪುಟ ತೆರೆಯಿತು.

"ಅದ್ಯಾವ್ದು ತುತ್ತಿ?" ಗಂಡ ಕೇಳಿದ.

"ಮೇಕೆ. ಚಿಕ್ಕೋಳಿದ್ದಾಗ ನನಗೆ ಚುಕ್ಕಿ ಅನ್ನೋಕೆ ಬರ್ತಿರಲಿಲ್ಲ. ತುತ್ತಿ ಅಂತಿದ್ದೆ."

"ಇಷ್ಟು ವರ್ಷದಲ್ಲಿ ನನಗೆ ಹೇಳೇ ಇಲ್ಲ."

"ನಾಚಿಕೆ ಆಗಲ್ವಾ?"

ಇನ್ಸ್‌ಪೆಕ್ಟರ್ ಕಂಪನಿಯ ಉತ್ತರ ನೆನಪಿಸಿಕೊಂಡರು. ಅಕೌಂಟಿನೊಳಗೆ ಹೊಕ್ಕವರು ಮೊದಲ ಸಲಕ್ಕೇ ಸರಿ ಉತ್ತರ ಬರೆದಿದ್ದರು. ವಿಡಿಯೋ ನೋಡಿ ಬಂದವರಾಗಿದ್ದರೆ ಮೊದಲು ಚುಕ್ಕಿ ಎಂದು ಬರೆದು ಮುಗ್ಗರಿಸುತ್ತಿದ್ದರು.

"ತುತ್ತಿ ಅಂತ ಗೊತ್ತಿರೋರು ಯಾರ್ಯಾರು?"

"ಯಾರೂ ಇಲ್ಲ ಸಾರ್. ಅಪ್ಪ ಅಮ್ಮ ಹೋಗಿ ಎಷ್ಟೋ ವರ್ಷ ಆಯ್ತು. ಇನ್ನು..." ಅವಳು ನಿಲ್ಲಿಸಿದಳು. ಹಿತ್ತಿಲ ಬಾಗಿಲ ಕಡೆ ನೋಡಿ, ತಟ್ಟನೆ ಮುಖ ತಿರುಗಿಸಿದಳು. "ಇಲ್ಲ. ನಿನ್ನೆ ಕತ್ತಿ ಹಿಡ್ಕೊಂಡು ನನ್ನ ಮಗಳನ್ನ ಕಾಯ್ಕೊಂಡು ನಿಂತಿದ್ದೋಳು ಸಾರ್ ಅವಳು."

"ವೈಫೈ ಪಾಸ್‌ವರ್ಡ್ ಅವರಿಗೆ ಕೊಟ್ಟಿದ್ರಾ?" ಮಹಿಳಾ ಪೇದೆ ಕೇಳಿದಳು.

"ನಾನೇ ಹಾಕಿಕೊಟ್ಟಿದ್ದು. ನನ್ನ ವಿಡಿಯೋ ನೋಡ್ಲಿ ಅಂತ."

ಅಕ್ಕ ತನ್ನ ಹಿತ್ತಿಲಿನಲ್ಲಿ, ಒಗೆಯುವ ಕಲ್ಲಿನ ಮೇಲೆ ಕೂತು ತಂಗಿಯ ಮಗಳ ತಲೆ ಬಾಚುತ್ತಿದ್ದಳು. ಇನ್ಸ್‌ಪೆಕ್ಟರನ್ನು ನೋಡಿ ಬಾಚಣಿಗೆ ನಿಲ್ಲಿಸಲಿಲ್ಲ. ಎರಡನೇ ಜಡೆ ಮುಗಿಸಿ, ತುದಿಗೆ ರಬ್ಬರ್ ಬ್ಯಾಂಡ್ ಹಾಕಿ, "ಹೋಗು, ಒಳಗೆ ತಟ್ಟೆ ಹಾಕು, ಬರ್ತೀನಿ" ಎಂದು ಹುಡುಗಿಯನ್ನು ಕಳಿಸಿದಳು.

"ಮಂಗಳವಾರ ಬೆಳಿಗ್ಗೆ ಎಲ್ಲಿದ್ರಿ?"

"ಇಲ್ಲೇ. ನಾನೆಲ್ಲಿಗೆ ಹೋಗ್ಲಿ."

"ಫೋನ್ ಇದೆಯಾ?"

"ತಂಗೀದು ಹಳೇದು. ಅವಳು ಹೊಸದು ತಗೊಂಡಾಗ ಇದು ನನಗೆ ಬಂತು." ಅವಳು ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ಬೆರಳಿಗೆ ಸುತ್ತುತ್ತಿದ್ದಳು. "ಮೊದಲೆಲ್ಲ ನನ್ನ ಬಟ್ಟೆ ಚಿಕ್ಕದಾದ್ರೆ ಅವಳಿಗೆ ಹೋಗ್ತಿತ್ತು. ಈಗ ಅವಳದು ಹಳೇದಾದ್ರೆ ನನಗೆ ಬರುತ್ತೆ."

ಇನ್ಸ್‌ಪೆಕ್ಟರ್ ಮನೆಯಲ್ಲಿ ಮೂರನೇ ಮಗ. ಅಣ್ಣಂದಿರ ಅಂಗಿಯ ತೋಳು ಮಡಚಿಕೊಂಡೇ ಕಾಲೇಜು ಮುಗಿಸಿದವರು. ಆ ಮಾತು ಅವರಿಗೆ ಕೇಳಿಸಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಕೇಳಿಸಿತು.

"ಫೋನಲ್ಲಿ ಏನು ನೋಡ್ತೀರಿ?"

"ಅವಳನ್ನೇ."

"ಮೇಕೆಯ ವಿಡಿಯೋ ನೋಡಿದ್ರಾ?"

"ನೋಡಿದೆ. ಮತ್ತೆ ಮತ್ತೆ ನೋಡಿದೆ. ಎಲ್ಲಾದ್ರೂ ಒಂದು ಕಡೆ ನನ್ನ ಹೆಸರು ಹೇಳಿದಾಳೇನೋ, ನನಗೇ ಸರಿಯಾಗಿ ಕೇಳಿಸಿಲ್ವೇನೋ ಅಂತ."

"ಆ ಮೇಕೆಯ ಹೆಸರೇನು?"

ಇದೇ ಪ್ರಶ್ನೆಯನ್ನು ಅಂಗಡಿಯವನಿಗೂ ಕೇಳಿ ಆಗಿತ್ತು. ಅವನೂ ಗಂಡನೂ ಒಂದೇ ಉಸಿರಿಗೆ ಉತ್ತರ ಹೇಳಿದ್ದರು. ಅಕ್ಕ ತಲೆ ಎತ್ತಿದಳು.

"ನಾನಿಟ್ಟ ಹೆಸರಾ, ಕರೀತಿದ್ದ ಹೆಸರಾ?"

ಗೋಡೆಯ ಈಚೆ ನಿಂತಿದ್ದ ಬುಟ್ಟಿಯವಳು ಬಾಯಿಗೆ ಸೆರಗು ಒತ್ತಿಕೊಂಡಳು. ಅಕ್ಕನಿಗೂ ತಾನು ಆಡಿದ ಮಾತು ಎಲ್ಲಿಗೆ ಹೋಗಿ ಮುಟ್ಟಿತೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸೊಂಟದಿಂದ ಫೋನು ತೆಗೆದು ಕಲ್ಲಿನ ಮೇಲೆ ಇಟ್ಟಳು.

"ಮಗು ಊಟ ಮಾಡಿಲ್ಲ. ಬಡಿಸಿ ಬರ್ತೀನಿ" ಎಂದಳು.

ಮಹಿಳಾ ಪೇದೆ ಇನ್ಸ್‌ಪೆಕ್ಟರ್ ಮುಖ ನೋಡಿದಳು. ಅವರು ತಲೆಯಾಡಿಸಿದರು. ಮಗು ಉಂಡು ಕೈ ತೊಳೆಯುವವರೆಗೆ ಮೂವರೂ ಹಿತ್ತಿಲಿನಲ್ಲೇ ನಿಂತರು. ಅಂಗಡಿಯವನೂ ಸೇರಿ ಪಂಚರ ಸಮಕ್ಷಮದಲ್ಲಿ ಫೋನನ್ನು ವಶಕ್ಕೆ ಪಡೆದು, ಲಕೋಟೆಗೆ ಹಾಕಿ, ಅರಗು ಹಾಕಲಾಯಿತು. ಪಾಸ್‌ವರ್ಡ್ ಬದಲಾಯಿಸಿದ ಮಂಗಳವಾರದ ಪುಟ ಅದರಲ್ಲಿ ಹಾಗೇ ಇತ್ತು. ಗೇಟಿನ ಫೋಟೋ ಕೂಡ ಇತ್ತು. ಅದನ್ನು ಅಳಿಸಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಬುಟ್ಟಿಯವಳು ಜೀಪಿನವರೆಗೆ ಓಡಿ ಬಂದಳು. "ದೂರು ವಾಪಸ್ ತಗೋತೀನಿ ಸಾರ್. ಹರಿದುಹಾಕಿ."

"ನೀವು ವಾಪಸ್ ತಗೋಬಹುದು" ಎಂದರು ಇನ್ಸ್‌ಪೆಕ್ಟರ್. "ನಿಮ್ಮ ವಿಳಾಸ ಇಟ್ಕೊಂಡಿರೋರು ವಾಪಸ್ ಕೊಡ್ತಾರಾ?"

"ಅವಳಿಲ್ದೇ ಮಗಳು ಶಾಲೆಗೆ ಹೋಗಲ್ಲ ಅಂತಾಳೆ. ನಿನ್ನೆಯಿಂದ ದೊಡ್ಡಮ್ಮನ ಕೈ ಬಿಡ್ತಿಲ್ಲ."

ಅದಕ್ಕೆ ಇನ್ಸ್‌ಪೆಕ್ಟರ್ ಗೇಟಿನ ಹತ್ತಿರ ಬೆಳಿಗ್ಗೆ, ಸಂಜೆ ಒಬ್ಬ ಪೇದೆ ನಿಲ್ಲುತ್ತಾನೆಂದು ಹೇಳಿ ಜೀಪು ಹತ್ತಿದರು. ಅಕ್ಕ ಒಳಗೆ ಮಹಿಳಾ ಪೇದೆಯ ಪಕ್ಕ ಕೂತು ಮುಂದೆ ನೋಡುತ್ತಿದ್ದಳು. ತಂಗಿ ಜೀಪಿನ ಕಂಬಿಯ ಮೇಲೆ ಕೈ ಇಟ್ಟಳು. ಅಕ್ಕ ಆ ಕೈಯನ್ನು ನೋಡಿದಳು, ಮುಟ್ಟಲಿಲ್ಲ.

ಮಹಿಳಾ ಪೇದೆ ಇಳಿದು ಬುಟ್ಟಿಯವಳನ್ನು ಪಕ್ಕಕ್ಕೆ ಕರೆದಳು. "ಇವತ್ತೇ ಎರಡನೇ ಬೀಗ ಹಾಕಿ. ಗುಟ್ಟಿನ ಪ್ರಶ್ನೆಗೆ ನಿಜ ಬರೀಬೇಕು ಅಂತೇನಿಲ್ಲ. ಯಾರಿಗೂ ಗೊತ್ತಿಲ್ದೇ ಇರೋ ಒಂದು ಸುಳ್ಳು ಬರೀರಿ."

"ಸುಳ್ಳು ಬರೀಬಹುದಾ?"

"ಬರೀಲೇಬೇಕು."

ಬುಟ್ಟಿಯವಳು ಫೋನು ಹಿಡಿದುಕೊಂಡು ಗೇಟಿನ ಬಳಿಯೇ ನಿಂತಳು. ಜೀಪು ತಿರುವು ದಾಟುವವರೆಗೂ ಒಂದಕ್ಷರ ಬರೆದಿರಲಿಲ್ಲ.

ಸಂಜೆ ನಾಲ್ಕಕ್ಕೆ ಠಾಣೆಯಲ್ಲಿ ಆರೋಪಿಯ ಹೇಳಿಕೆ ದಾಖಲಾಯಿತು. ಮಹಿಳಾ ಪೇದೆ ಕಿಟಕಿ ಪಕ್ಕದ ಕುರ್ಚಿಯಿಂದ ಎದ್ದು, "ಇಲ್ಲೇ ಕೂತು ಬರೀರಿ ಸಾರ್, ಬೆಳಕಿದೆ" ಎಂದಳು. ಶಾಯಿ ಗೊಣಗುತ್ತ ಹೋಗಿ ಕೂತರು. ಕೂತ ಮೇಲೆ ಗೊಣಗಲಿಲ್ಲ.

ಅಕ್ಕ ನಿಧಾನವಾಗಿ ಹೇಳಿದಳು. ಅವಳಿಗೆ ಆರು ವರ್ಷವಾದಾಗ ಅಪ್ಪ ಒಂದು ಮೇಕೆಮರಿ ತಂದು ಅವಳ ಮಡಿಲಿಗೆ ಹಾಕಿದ್ದ. ಹಣೆಯಲ್ಲಿ ಬಿಳಿ ಬೊಟ್ಟಿತ್ತು. ಅದಕ್ಕೇ ಚುಕ್ಕಿ ಎಂದು ಹೆಸರಿಟ್ಟಳು. ಮೇಯಿಸಿದ್ದು, ಸೊಪ್ಪು ತಂದದ್ದು, ಸೊಪ್ಪಿಗೆಂದು ಬುಟ್ಟಿ ಹೆಣೆಯಲು ಕಲಿತದ್ದು ಎಲ್ಲ ಅವಳೇ. ಎರಡು ವರ್ಷಕ್ಕೆ ತಂಗಿ ಹುಟ್ಟಿದಳು. ಅಮ್ಮನಿಗೆ ಹಾಲು ಸಾಲಲಿಲ್ಲ. ಮೇಕೆಯ ಹಾಲು ತಂಗಿಗೆ ಹೋಯಿತು.

"ಹೋಗ್ಲಿ, ಮಗು. ಅದಕ್ಕೆ ನಾನೇನೂ ಅಂದ್ಕೊಳ್ಲಿಲ್ಲ" ಎಂದಳು. "ಆಮೇಲೆ ಅವಳಿಗೆ ಮಾತು ಬಂತು. ಚುಕ್ಕಿ ಅನ್ನೋಕೆ ಬರಲಿಲ್ಲ, ತುತ್ತಿ ಅಂದ್ಲು. ಅಮ್ಮ ನಕ್ಕು ತುತ್ತಿ ಅಂದ್ಲು. ಅಪ್ಪಾನೂ ಅಂದ. ನಾನೊಬ್ಬಳೇ ಚುಕ್ಕಿ ಅಂತಿದ್ದೆ. ಒಂದಿನ ಬಯಲಲ್ಲಿ ನಿಂತು ಚುಕ್ಕಿ ಅಂತ ಎಷ್ಟು ಕೂಗಿದ್ರೂ ಅದು ತಿರುಗಲಿಲ್ಲ. ತುತ್ತಿ ಅಂದೆ. ಓಡಿ ಬಂತು."

ಶಾಯಿಯವರ ಪೆನ್ನು ನಿಂತಿತು. "ತುತ್ತಿ ಅಂತಾನೇ ಬರೀಲಾ ಸಾಹೇಬ್ರೆ?"

"ಅವರು ಹೇಳಿದ ಹಾಗೇ ಬರೀರಿ."

"ವಿಡಿಯೋದಲ್ಲಿ ನನ್ನ ಮೇಕೆ ಅಂದ್ಲು. ಜನ ಅತ್ರು. ಎಲ್ಲರೂ ಅವಳಿಗೆ ಹೂವು ಕಳಿಸಿದ್ರು. ಈ ಬುಟ್ಟಿಯವಳು ಯಾರು ಅಂತ ಯಾರೋ ಕೇಳಿದ್ರು. ಬಂದು ನೋಡ್ಲಿ ಅನ್ನಿಸ್ತು. ಬಂದ್ರೆ ಗೋಡೆ ಆಚೆ ನಾನೂ ಕಾಣ್ತಿದ್ದೆ. ಅಂಥೋರು ಬರ್ತಾರೆ ಅಂತ ಗೊತ್ತಿರಲಿಲ್ಲ. ಮಗು ಬಚ್ಚಲಲ್ಲಿ ಕೂಗಿದ್ದು ಇನ್ನೂ ಕಿವೀಲಿದೆ."

ಬರೆದು ಮುಗಿದ ಮೇಲೆ ಶಾಯಿ ಹೇಳಿಕೆಯನ್ನು ಓದಿ ಹೇಳಿದರು. ನಂತರ ಸಹಿಗೆಂದು ಹಾಳೆಯನ್ನು ಅವಳ ಮುಂದೆ ಇಟ್ಟರು. ಅವಳು ಸಹಿ ಹಾಕದೆ ಒಂದೊಂದೇ ಸಾಲಿನ ಕೆಳಗೆ ಬೆರಳಿಟ್ಟು ತಾನೇ ಓದಿದಳು. ಎರಡನೇ ಪುಟದ ನಡುವೆ ಬೆರಳು ನಿಂತಿತು. ಅಲ್ಲಿ, ಗುಟ್ಟಿನ ಪ್ರಶ್ನೆಗೆ ನಾನು ಫಿರ್ಯಾದಿಯ ಮೇಕೆಯ ಹೆಸರನ್ನು ಬರೆದೆನು, ಎಂದಿತ್ತು.

"ಇದು ತಪ್ಪು" ಎಂದಳು.

"ಎಲ್ಲಿ?" ಶಾಯಿ ಕನ್ನಡಕ ಸರಿಮಾಡಿಕೊಂಡರು. ಇಷ್ಟು ವರ್ಷದ ಕೆಲಸದಲ್ಲಿ ಆರೋಪಿಯೊಬ್ಬರು ಅವರ ಬರಹದಲ್ಲಿ ತಪ್ಪು ತೋರಿಸಿದ್ದು ಇದೇ ಮೊದಲು.

"ನಿಮ್ಮ ಮೊದಲ ಸಾಕುಪ್ರಾಣಿಯ ಹೆಸರೇನು ಅಂತ ಅದು ಕೇಳ್ತು. ನಾನು ನಿಜಾನೇ ಬರೆದೆ."

ಶಾಯಿ ಇನ್ಸ್‌ಪೆಕ್ಟರ್ ಕಡೆ ನೋಡಿದರು. ಇನ್ಸ್‌ಪೆಕ್ಟರ್ ಕಿಟಕಿಯ ಆಚೆ ನೋಡುತ್ತಿದ್ದರು. ಶಾಯಿ ಪೆನ್ನು ತೆಗೆದು, ಫಿರ್ಯಾದಿಯ ಎಂಬುದರ ಮೇಲೆ ನೇರವಾಗಿ ಒಂದು ಗೆರೆ ಎಳೆದು, ಮೇಲೆ ಚಿಕ್ಕ ಅಕ್ಷರದಲ್ಲಿ, ನನ್ನ, ಎಂದು ಬರೆದು, ಪಕ್ಕದಲ್ಲಿ ತಮ್ಮ ಚಿಕ್ಕ ರುಜು ಹಾಕಿದರು.

ಅಕ್ಕ ಆ ಪದವನ್ನು ಇನ್ನೊಮ್ಮೆ ಓದಿದಳು. ಆಮೇಲೆ ಸಹಿ ಹಾಕಿದಳು.